ಮೊದಲ ಸ್ಥಾನದ ಹಾಡು

“ಭಾವ ಇವತ್ತು ಅವಳ ಹೆಸರು ಹೇಳಿದ್ರೆ ನೀನು ನೇರ ನಮ್ಮನೆಗೆ ಬರ್ತೀಯ. ಮಾತು ಕೊಡು,” ಎಂದಳು ತಂಗಿ.

ಅಕ್ಕ ಹೂಂ ಎಂದಳು. ಕಾಫಿ ಬೇಕಾ ಎಂದು ಕೇಳಿದ್ದರೂ ಹಾಗೆಯೇ ಹೂಂ ಎನ್ನುತ್ತಿದ್ದಳು.

ರೇಡಿಯೋ ಕೇಂದ್ರದಲ್ಲಿ ಗಾಜಿನ ಈಚೆ ಅವರಿಬ್ಬರು, ಆಚೆ ಮೈಕಿನ ಮುಂದೆ ಸಿನಿಮಾ ಹಾಡು ಬರೆಯುವ ಭಾವ. ಸಾರ್ವಕಾಲಿಕ ಶ್ರೇಷ್ಠ ಹಾಡು ಯಾವುದೆಂದು ಕೇಳುಗರು ಮತ ಹಾಕಿದ್ದರು. ಭಾವನ ಹೆಸರಿನಲ್ಲಿದ್ದ ಹಾಡೇ ಮೊದಲ ಸ್ಥಾನಕ್ಕೆ ಬಂದಿತ್ತು. ಇವತ್ತು ನೇರ ಪ್ರಸಾರ. ಆ ಹಾಡನ್ನು ಯಾರ ಮೇಲೆ ಬರೆದದ್ದು ಎಂದು ನಿರೂಪಕ ಕೇಳದೆ ಬಿಡುವವನಲ್ಲ.

ಅಕ್ಕನ ಮೇಲಂತೂ ಅಲ್ಲ. ಹಾಡಿನಲ್ಲಿರುವ ಜೀವಕ್ಕೆ ಕಿವಿಯ ಹಿಂದೆ ಮಚ್ಚೆ. ಕೊಡೆ ಹಿಡಿಯುವುದು ಎಡಗೈಯಲ್ಲಿ. ಮೆಟ್ಟಿಲು ಹತ್ತುವಾಗಲೆಲ್ಲ ಏನೋ ಗುನುಗುವ ಅಭ್ಯಾಸ. ಅಕ್ಕನಿಗೆ ಮಚ್ಚೆಯಿಲ್ಲ, ಎಡಗೈಯಲ್ಲಿ ಚಮಚವನ್ನೂ ನೆಟ್ಟಗೆ ಹಿಡಿಯಲಾರಳು. ನೆಂಟರ ಮನೆಯಲ್ಲಿ ಈ ಹಾಡು ಶುರುವಾದರೆ ಸಾಕು, ಜನ ಅಕ್ಕನ ಕಡೆ ಕಳ್ಳನೋಟ ಬೀರುತ್ತಿದ್ದರು. ಪಾಪ ಎನ್ನುವ ಆ ನೋಟಕ್ಕೆ ತಂಗಿಯ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಮಾತ್ರ ಕಲ್ಲಿನ ಹಾಗೆ ಕೂತಿರುತ್ತಿದ್ದಳು.

ಭಾವನನ್ನು ಎದುರಿಗೆ ‘ನೀವು’ ಎನ್ನುತ್ತಿದ್ದರೂ, ಮನಸ್ಸಿನೊಳಗೆ ಏಕವಚನಕ್ಕೆ ಇಳಿಸಿ ತಂಗಿಗೆ ಬಹಳ ವರ್ಷಗಳಾಗಿದ್ದವು. ಕಾರಣ ಇಷ್ಟೇ. ಆ ಹಾಡು ಹುಟ್ಟಿದಾಗ ಅವನು ಟೈಫಾಯ್ಡ್ ಬಂದು ಮಲಗಿದ್ದ. ಸಿನಿಮಾದವರು ಟ್ಯೂನ್ ಕಳಿಸಿ, ಹಾಡು ಕೊಡಿ ಎಂದು ತಲೆಯ ಮೇಲೆ ಕೂತಿದ್ದರು. ಅಕ್ಕ ನಿದ್ದೆಗೆಟ್ಟು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರೆ, ಈ ಮಹಾನುಭಾವನಿಗೆ ಆ ಜ್ವರದಲ್ಲೂ ಇನ್ನೊಬ್ಬಳ ಮಚ್ಚೆ ನೆನಪಾಗಿತ್ತು! ಆಮೇಲೆ ಅಂಥದ್ದೊಂದು ಹಾಡು ಅವನಿಂದ ಬರಲೇ ಇಲ್ಲ. ಮನೆಯಲ್ಲಿ ಅದು ರೇಡಿಯೋದಲ್ಲಿ ಬಂದರೆ ತಕ್ಷಣ ಎದ್ದು ಆರಿಸುತ್ತಿದ್ದ. ಮಾಡಿದ ತಪ್ಪು ಚುಚ್ಚದೆ ಇರುತ್ತದೆಯೇ?

ಸ್ಪೀಕರಿನಲ್ಲಿ ಹಾಡು ಶುರುವಾಯಿತು. ತಂಗಿ ಅರಿವಿಲ್ಲದೆ ಗುನುಗಿ, ನಾಲಗೆ ಕಚ್ಚಿಕೊಂಡಳು. ದರಿದ್ರದ ಹಾಡು, ಆದರೂ ಎಷ್ಟು ಚೆನ್ನಾಗಿತ್ತು.

“ಇದು ಮೊದಲ ಸ್ಥಾನದ ಹಾಡಲ್ಲ,” ಎಂದಳು ಅಕ್ಕ. “ಎರಡನೇ ಚರಣ ಜಾಳು. ಪ್ರಾಸ ಸಿಕ್ಕಿತು ಅಂತ ಎಳೆದ ಹಾಗಿದೆ. ಎರಡನೇ ಸ್ಥಾನಕ್ಕೆ ಬಂತಲ್ಲ, ದೋಣಿಯವನ ಹಾಡು, ಅದು ನಿಜವಾಗ್ಲೂ ದೊಡ್ಡದು. ಒಂದು ಮಾತೂ ಹೆಚ್ಚಿಲ್ಲ.”

“ಆ ದೋಣಿಯವನು ಮೂರು ಚರಣ ಅತ್ತರೂ ದಡ ಸೇರಲ್ಲ. ನನ್ನ ಮತ ಕುಣಿಯೋ ಹಾಡಿಗೆ. ಮನೆ ಗುಡಿಸೋದಾದ್ರೂ ಬೇಗ ಮುಗಿಯತ್ತೆ.” ಅಕ್ಕ ನಗಲಿಲ್ಲ. ತಂಗಿ ಅವಳ ಕೈ ಹಿಡಿದಳು. “ನಿನಗಾಗಿರೋ ಸಂಕಟದಲ್ಲಿ ಈ ಹಾಡು ಹೇಗೆ ಹಿಡಿಸುತ್ತೆ, ಬಿಡು.”

“ಸಂಕಟ ಎಲ್ಲ ಯಾವಾಗಲೋ ಮುಗೀತು ಕಣೇ,” ಎಂದಳು ಅಕ್ಕ. ಅವಳ ಕೈ ತಣ್ಣಗಿತ್ತು.

ಹಾಡು ಮುಗಿಯಿತು. ನಿರೂಪಕ ಮುಂದಕ್ಕೆ ಬಾಗಿದ.

“ಸರ್, ಇಷ್ಟು ವರ್ಷ ಕಾಯಿಸಿದ್ದು ಸಾಕು. ಯಾರು ಅವರು?”

ಭಾವ ನೀರು ಕುಡಿದ. ಗಾಜಿನಾಚೆಯಿಂದ ಅಕ್ಕನನ್ನೇ ನೋಡಿದ. ಅಳುಕು ನೋಡು ಕಳ್ಳನಿಗೆ, ಅಂದುಕೊಂಡಳು ತಂಗಿ.

“ನನಗೆ ಗೊತ್ತಿದ್ರೆ ಹೇಳದೇ ಇರ್ತಿದ್ನಾ?” ಎಂದ ಭಾವ.

ನಿರೂಪಕ ಬಿದ್ದುಬಿದ್ದು ನಕ್ಕ. ಎಂಥ ಮಾತುಗಾರ ಸರ್ ನೀವು ಎಂದು ಚಪ್ಪಾಳೆ ತಟ್ಟಿದ.

“ಜಾರಿಕೊಂಡುಬಿಟ್ರಲ್ಲ!” ತಂಗಿ ಹಲ್ಲು ಕಡಿದಳು.

“ಹೆಸರು ಹೇಳಲಿಲ್ಲವಲ್ಲ,” ಎಂದಳು ಅಕ್ಕ, ಚೀಲ ಹೆಗಲಿಗೇರಿಸಿ. “ಅಂದ ಮೇಲೆ ನಿಮ್ಮನೆಗೆ ಬರೋದಿಲ್ಲ.”

ಮೂವರೂ ಕಾರಿನಲ್ಲಿ ಅಕ್ಕನ ಮನೆಗೆ ಹೊರಟರು. ಮನೆಗೆ ಬಂದವನೇ ಭಾವ ಶಾಲು, ಫಲಕ ಎಲ್ಲವನ್ನೂ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಕುರ್ಚಿಯಲ್ಲಿ ಕುಸಿದ. ಇವತ್ತು ಮುಖಕ್ಕೆ ಹೊಡೆದ ಹಾಗೆ ಕೇಳಿಯೇ ಹೋಗುತ್ತೇನೆ ಎಂದು ತಂಗಿ ಅಡುಗೆಮನೆಯಲ್ಲಿ ಒಂದು ಲೋಟ ನೀರು ಕುಡಿದು ಹಜಾರಕ್ಕೆ ಹೊರಟಳು. ಬಾಗಿಲಲ್ಲೇ ಅವಳ ಕಾಲು ನಿಂತುಹೋಯಿತು. ಭಾವ ಅಕ್ಕನೆದುರು ಕೈಮುಗಿದು ಅಳುತ್ತಿದ್ದ.

“ಇವತ್ತಾದ್ರೂ ಹೇಳೇ. ನೀನು ಬರೆದ ಆ ಹಾಡಿನೊಳಗೆ ಇರೋನು ಯಾರು?”