ಸಮುದ್ರ ಕಾಣುವ ಕೋಣೆ

ಆ ಮೆಡಿಕಲ್ ಕಾಲೇಜಿನ ವೆಬ್‌ಸೈಟ್ ಕಂಡರೆ ದೇವೇಂದ್ರನೇ ಸ್ವರ್ಗ ಖಾಲಿ ಮಾಡಿ ಸರ್ಜರಿ ಪಿ.ಜಿ. ಸೀಟಿಗೆ ಅರ್ಜಿ ಹಾಕಿಯಾನು, ಹಾಗಿತ್ತು ಅದರ ಬೆಡಗು! ಡೀನರು ರಿಬ್ಬನ್ ಕತ್ತರಿಸುವ ಫೋಟೋಗಳೇ ಒಂದು ಲಾರಿಯಾಗುವಷ್ಟು. ಡ್ಯೂಟಿ ಎಷ್ಟು ಗಂಟೆ ಎಂಬುದು ಮಾತ್ರ ದುರ್ಬೀನು ಹಾಕಿ ಹುಡುಕಿದರೂ ಡಾಕ್ಟರ್ ಮೇದಿನಿಗೆ ಸಿಗಲಿಲ್ಲ. ಸಂಜೆಯೊಳಗೆ ಸೀಟು ಆರಿಸಬೇಕು. ಆರಿಸಿದರೆ ಮೂರು ವರ್ಷ ಅಲ್ಲೇ.

ಕೊನೆಗೆ ಹಾಸ್ಟೆಲ್ಲಿನ ಒಂದು ಚಿತ್ರ ಕಣ್ಣಿಗೆ ಬಿತ್ತು. ಕಿಟಕಿ ತುಂಬ ನೀಲಿ ಸಮುದ್ರ! ಕೆಳಗೆ ‘ಅಂತಿಮ ವರ್ಷದ ಡಾ. ಶ್ರೀವತ್ಸ ಅವರ ಕೋಣೆ’ ಎಂದಿತ್ತು. ಅವರಿವರನ್ನು ಕಾಡಿ ಬೇಡಿ ಆತನ ನಂಬರು ಸಂಪಾದಿಸಿ ಫೋನ್ ಮಾಡಿದಳು.

“ಸರ್, ನಿಮ್ಮಲ್ಲಿ ಡ್ಯೂಟಿ ವಿಪರೀತ ಅಂತಾರಲ್ಲ, ನಿಜಾನಾ?”

“ಛೇ, ಯಾರ್ರೀ ಹಾಗಂದೋರು? ಆರಾಮಾಗಿ ಬಂದು ಸೇರ್ಕೊಳ್ಳಿ. ನಮಗೂ ಜೂನಿಯರ್ಸ್ ಬೇಕು.”

ಮೇದಿನಿಯ ಎದೆಯ ಮೇಲಿನ ಬಂಡೆಯೇ ಇಳಿಯಿತು.

“ಅಬ್ಬ, ಬದುಕಿದೆ! ನಿಮ್ಮ ರೂಮಂತೂ ಸೂಪರ್ ಸರ್. ಕಿಟಕೀಲಿ ಸಮುದ್ರ ಕಾಣುತ್ತಲ್ಲ!”



“ನಾನು ಬೆಳಕಿರುವಾಗ ಒಂದ್ಸಲಾನೂ ರೂಮಿಗೆ ಹೋಗಿಲ್ಲ ಕಣ್ರೀ... ನಿಜವಾಗ್ಲೂ ಸಮುದ್ರ ಕಾಣುತ್ತಾ?”