ಬಿಲ್ಲೆಯ ಹಿಂದಿನ ತಾಮ್ರ

ಬೆರಳು ನೀಡಿ "ಬಿಲ್ಲೆ, ಸರಿ" ಎಂದು ಕೂಗಲು ಬಾಯಿ ತೆರೆದ ಚಿಜುರು ಮುರೋಯಿ ಹಾಗೆಯೇ ನಿಂತುಬಿಟ್ಟಳು. ಜಪಾನಿನ ಟೋಕಿ ಎಂಬ ಊರಿನ ಆ ಸಣ್ಣ ಕಾರ್ಖಾನೆಯಲ್ಲಿ ಯಂತ್ರದ ಮುಚ್ಚಳ ಹಾಕುವ ಮುನ್ನ ಒಳಗಿರುವ ಒಂದೊಂದನ್ನೂ ಬೆರಳಿಟ್ಟು ತೋರಿಸಿ, ಸರಿಯಿದೆ ಎಂದು ಗಟ್ಟಿಯಾಗಿ ಹೇಳಬೇಕು. ಕಣ್ಣುತಪ್ಪು ಆಗದಿರಲಿ ಎಂದು ಹಿರಿಯರು ತಂದ ಪದ್ಧತಿ. ವರ್ಷಗಟ್ಟಲೆ ಹೇಳಿ ಹೇಳಿ ಅವಳ ಬೆರಳೂ ಬಾಯಿಯೂ ಕಣ್ಣನ್ನು ಕೇಳುವುದನ್ನೇ ಬಿಟ್ಟಿದ್ದವು. ಪಂಪು ರಿಪೇರಿಗೆ ಬಂದವರು ಒಳಗೆ ಹೊಸ ದೀಪ ಹಾಕಿ ಹೋಗಿದ್ದರಿಂದ ಇವತ್ತು ಕಣ್ಣು ತಾನಾಗಿಯೇ ಅತ್ತ ಹೋಯಿತು. ಕಪ್ಪು ಬಿಲ್ಲೆಯಲ್ಲಿ ಸವೆದುಬಿದ್ದ ಕಾಲುವೆಯ ತಳಕ್ಕೆ ಕೂದಲೆಳೆಯಷ್ಟು ಕೆಂಪು ಹೊಳೆಯುತ್ತಿತ್ತು.

ಬಿಲ್ಲೆ ಮ್ಯಾಂಗನೀಸ್ ಮತ್ತು ನಿಕ್ಕಲ್ ಆಕ್ಸೈಡಿನದು. ಅದನ್ನು ನಿರ್ವಾತದಲ್ಲಿ ಕಣಕಣವಾಗಿ ಉದುರಿಸಿ ಪಿಂಗಾಣಿ ಚೂರಿನ ಮೇಲೆ ತೆಳ್ಳನೆಯ ಪದರ ಕೂರಿಸಿದರೆ ಥರ್ಮಿಸ್ಟರ್, ಅಂದರೆ ಮೈಬಿಸಿ ಅಳೆಯುವ ಸೆನ್ಸರ್ ಆಗುತ್ತದೆ. ಬಿಲ್ಲೆಯ ಬೆನ್ನಿಗೆ, ಅದು ಕಾಯದಿರಲೆಂದು, ತಾಮ್ರದ ತಟ್ಟೆ. ಈಗ ಬಿಲ್ಲೆ ತೂತಾಗಿತ್ತು. ಹೋದ ತಿಂಗಳ ಪದರಕ್ಕೆ ಯಾರೂ ಕರೆಯದ ತಾಮ್ರ ಬಂದು ಸೇರಿಕೊಂಡಿತ್ತು.

ಹೋದ ತಿಂಗಳದ್ದೋ, ಕಾರ್ಖಾನೆ ಕಂಡ ಅತ್ಯುತ್ತಮ ಪದರ. ಎಷ್ಟು ತಿಣುಕಿದರೂ ಇಳಿಯದಿದ್ದ ವಿದ್ಯುತ್ ರೋಧ ಒಮ್ಮೆಲೇ ಮೂರನೆಯ ಒಂದು ಪಾಲಿಗೆ ಇಳಿದಿತ್ತು. ಗಿರಾಕಿಗಳ ಮುಂದೆ ಬಗ್ಗಿ ಬಗ್ಗಿ ಕ್ಷಮೆ ಕೇಳಿಯೇ ಸೊಂಟನೋವು ತಂದುಕೊಂಡಿದ್ದ ವಿಭಾಗದ ಮುಖ್ಯಸ್ಥ ಕಾಕೇಹಿ ಎಲ್ಲರಿಗೂ ದುಬಾರಿ ಹಾವುಮೀನಿನ ಊಟ ತರಿಸಿದ್ದ. ಹೇಗಾಯಿತೆಂದು ಯಾರೂ ಕೇಳಲಿಲ್ಲ. ಕೆಟ್ಟ ಫಲಿತಾಂಶಕ್ಕೆ ತನಿಖೆ ನಡೆಯುತ್ತದೆ, ಒಳ್ಳೆಯದಕ್ಕೆ ಊಟ. ಸೆನ್ಸರುಗಳು ನಗೋಯಾದ ಆಸ್ಪತ್ರೆಯೊಂದಕ್ಕೆ ಪ್ರಯೋಗಕ್ಕೆಂದು ಹೋಗಿದ್ದವು. ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ಇಡುವ ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಗುವಿನ ಹೊಟ್ಟೆಗೆ ಅಂಟಿಸುವುದಕ್ಕೆ.

ಕಾಕೇಹಿ ಬಂದು, ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡೇ ಎದ್ದ. ಗಾಬರಿಯೇನೂ ಆದಂತಿರಲಿಲ್ಲ.

"ತಾಮ್ರ ತಾನೆ, ಮುರೋಯಿಸಾನ್? ಬೇರೆ ಕಂಪನಿಯೋರು ಬೇಕು ಅಂತಾನೇ ಬೆರೆಸ್ತಾರೆ. ನಮ್ಮಲ್ಲಿ ತಾನಾಗೇ ಬೆರೀತು ಅಂದ್ಕೊಳ್ಳಿ."

"ಬೆರೆಸ್ತಾರೆ. ಬೆರೆಸಿ ತಿಂಗಳುಗಟ್ಟಲೆ ಕಾದು ನೋಡ್ತಾರೆ. ತಾಮ್ರ ಕೂತ ಜಾಗದಲ್ಲಿ ಕೂರಲ್ಲ, ಕಾಕೇಹಿಸಾನ್. ಒಳಗೊಳಗೇ ಜಾಗ ಬದಲಾಯಿಸ್ತಾ ಇರುತ್ತೆ."

"ನಮ್ಮತ್ತೆ ಥರ ಅನ್ನಿ," ಎಂದು ಅವನು ನಕ್ಕ.

ಅದೇ ಪದರದ ಉಳಿಕೆ ಚೂರುಗಳು ಮೂಲೆಯಲ್ಲಿದ್ದ ಬಿಸಿನೀರಿನ ತೊಟ್ಟಿಯಲ್ಲಿ, ಮೈಬಿಸಿಯಷ್ಟೇ ಬಿಸಿಯಲ್ಲಿ, ಬಾಳಿಕೆಯ ಪರೀಕ್ಷೆಗೆಂದು ಮುಳುಗಿ ಕೂತಿದ್ದವು. ಮೊದಲ ವಾರದ ಅಂಕಿಗಳು ಅಷ್ಟು ಚಂದ ಬಂದಮೇಲೆ ಅವುಗಳನ್ನು ಮತ್ತೆ ಮಾತಾಡಿಸಿದವರಿಲ್ಲ. ಚಿಜುರು ಮೊದಲನೆಯದನ್ನು ಅಳೆದಳು. ತಂತಿ ಸರಿಯಾಗಿ ಕೂತಿಲ್ಲವೇನೋ ಎಂದು ಒತ್ತಿ ಹಿಡಿದು ಮತ್ತೆ ಅಳೆದಳು. ಎರಡನೆಯದು. ಮೂರನೆಯದು. ಎಲ್ಲದರ ರೋಧವೂ ಏರಿತ್ತು. ಈ ಜಾತಿಯ ಪದರದಲ್ಲಿ ಬಿಸಿ ಹೆಚ್ಚಿದಷ್ಟೂ ವಿದ್ಯುತ್ತಿಗೆ ದಾರಿ ಸಲೀಸು, ಚಳಿಯಾದಷ್ಟೂ ಬಿಗಿ. ತಾಮ್ರ ಕದಲಿ ದಾರಿ ಬಿಗಿದರೆ ಯಂತ್ರಕ್ಕೇನು ಗೊತ್ತು? ಅದು ಚಳಿ ಎಂದೇ ಓದಿಕೊಳ್ಳುತ್ತದೆ.

"ಒಂದು ಡಿಗ್ರಿಗಿಂತ ಜಾಸ್ತಿ ಸುಳ್ಳು ಹೇಳ್ತಿದೆ," ಎಂದಳು. "ಇನ್ನೂ ನಿಂತಿಲ್ಲ."

ಕಾಕೇಹಿಯ ನಗೆ, ಸುದ್ದಿ ತಲುಪದವರ ಹಾಗೆ, ಇನ್ನಷ್ಟು ಹೊತ್ತು ಮುಖದ ಮೇಲೇ ಇತ್ತು. ಆಮೇಲೆ ಅವನು ಕೈಗೆ ಸಿಕ್ಕ ಡಬ್ಬದ ಮೇಲೆ ಕೂತ. ಪೆಟ್ಟಿಗೆಯ ಹೀಟರು ಈ ಸೆನ್ಸರಿನ ಮಾತಿನಂತೆ ನಡೆಯುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಗುವಿಗೆ ಚಳಿ ಎಂದು ಇದು ಹೇಳುತ್ತದೆ, ಅದು ಬಿಸಿ ಏರಿಸುತ್ತದೆ. ಇದು ಮತ್ತೆ ಹೇಳುತ್ತದೆ.

ಅಲ್ಲಿಂದಲೇ ಅವನು ಸಣ್ಣ ದನಿಯಲ್ಲಿ ದಾರಿ ವಿವರಿಸತೊಡಗಿದ. ಮೊದಲು ಕಂಪನಿಯ ಅಧ್ಯಕ್ಷರಿಗೆ ತಿಳಿಸಬೇಕು. ಅವರು ಮಾರಾಟದ ಏಜೆನ್ಸಿಗೆ, ಏಜೆನ್ಸಿ ಪೆಟ್ಟಿಗೆ ತಯಾರಿಸುವವರಿಗೆ, ಅವರು ಆಸ್ಪತ್ರೆಗೆ. ನಡುವೆ ಒಬ್ಬರನ್ನು ದಾಟಿದರೂ ಅವರ ಮುಖಕ್ಕೆ ಮಸಿ ಬಳಿದಂತೆ. ಅಧ್ಯಕ್ಷರು ಸೆಂಡಾಯಿಗೆ ಯಾರದೋ ಅಂತ್ಯಕ್ರಿಯೆಗೆ ಹೋಗಿದ್ದಾರೆ, ಅಲ್ಲಿಗೆ ಫೋನ್ ಮಾಡುವುದು ಚಂದವಲ್ಲ, ನಾಳೆ ಬೆಳಿಗ್ಗೆ ಬರುತ್ತಾರೆ.

"ನಾಳೆ ಬೆಳಿಗ್ಗೆ," ಎಂದಳು ಚಿಜುರು, ಆ ಎರಡು ಪದಗಳನ್ನು ಅವನಿಗೇ ವಾಪಸು ಕೊಡುವವಳ ಹಾಗೆ.

ಕಾಕೇಹಿ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಬಂದು, ಅವಳಿಗೆ ಬೆನ್ನು ಮಾಡಿ ಗೋಡೆ ನೋಡುತ್ತ ನಿಂತ. ಮೇಲಧಿಕಾರಿ ನೋಡಲಿಲ್ಲ ಎಂದಾದರೆ ಅದು ನಡೆದಿಲ್ಲ ಎಂದೇ ಲೆಕ್ಕ. ಅವನಿಂದ ಆಗುತ್ತಿದ್ದುದೂ ಅಷ್ಟೇ.

ಸೆನ್ಸರನ್ನು ಅಂಟಿಸುವುದು ಹೇಗೆಂದು ಕಲಿಸಲು ಆಸ್ಪತ್ರೆಗೆ ಹೋದವಳು ಅವಳೇ ಆದ್ದರಿಂದ ಆ ಮಕ್ಕಳ ವಾರ್ಡಿನ ನಂಬರು ಅವಳ ಫೋನಿನಲ್ಲೇ ಇತ್ತು, ಒತ್ತಿದಳು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ಎತ್ತಿದವಳು ಉವೋಜುಮಿ ಎಂಬ ನರ್ಸ್. ಚಿಜುರು ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಸೆನ್ಸರ್ ಅಂಟಿಸಿರುವ ಮಗು ಹೇಗಿದೆ?

"ಓ, ಮುರೋಯಿಸಾನ್, ನೀವಾ," ಎಂದಳು ನರ್ಸ್ ಸಂತೋಷದಿಂದ. "ಮುಟ್ಟಿದ್ರೆ ಸ್ವಲ್ಪ ಬಿಸಿ ಇದೆ ಅನ್ನಿಸ್ತು. ಆದ್ರೆ ಕೈನ ನಂಬಬೇಡಿ, ಸೆನ್ಸರನ್ನ ನಂಬಿ ಅಂತ ನೀವೇ ಹೇಳ್ಕೊಟ್ಟಿದ್ರಲ್ಲ. ಅದು ಚಳಿ ಅಂತಿದೆ. ಅದಕ್ಕೇ ಈಗ ತಾನೆ ಒಂದು ಉಣ್ಣೆ ಟೋಪಿ ಹಾಕಿದ್ವಿ."