ಯಾವ ಚೀನಾ

"ಯಾವ ಚೀನಾ ಅಂತ ಬರೀಲಿ?" ಎಂದು ಪರದೇಶದವರ ಹೆಸರು ಬರೆಯುವ ದಫ್ತರ ಬಿಡಿಸಿಕೊಂಡು ಹವಾಲ್ದಾರ ಕೇಳಿದಾಗ ಚಾವಡಿಯ ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗವ್ವ ಗಂಡನನ್ನೇ ನೋಡಿದಳು. ರೇಷ್ಮೆ ಬಟ್ಟೆ ಮಾರುತ್ತ ಸೋನ್ಯಾಳಕ್ಕೆ ಬಂದ ಫಾಂಗ್, ಅವಳ ಕೈಹಿಡಿದು ಏಳು ವರ್ಷದಿಂದ ಇಲ್ಲೇ ನೆಲೆಸಿದ್ದ.

"ನಿಮಗ ಈ ಪಾಸ್‌ಪೋರ್ಟ್ ಕೊಟ್ಟ ಸರಕಾರ ಸೋತು ನಡುಗಡ್ಡಿಗೆ ಓಡಿಹೋಗೇತಿ. ದಿಲ್ಲಿಯವರು ಹೊಸಾ ಸರಕಾರನ ಖರೇ ಅಂತ ಒಪ್ಪ್ಯಾರ. ಅದರದು ತರಿಸ್ಕೋರಿ, ನಿಮ್ಮ ಅವ್ವನ್ನ ನೋಡಿ ಬರಾಕ ಬರತೈತಿ."

"ಅವ್ವ ಹೊಸಾ ಸರಕಾರದ ನೆಲದಾಗ ಅದಾಳ್ರಿ. ನನ್ನ ತಮ್ಮ ಹಳೇ ಸರಕಾರದ ಸಿಪಾಯಿ, ನಡುಗಡ್ಡ್ಯಾಗ ಅದಾನ. ಒಂದು ಬರಸಿದ್ರ ಇನ್ನೊಬ್ಬರಿಗೆ ವೈರಿ ಆಗ್ತೀನಿ. ಎರಡೂ ಬ್ಯಾಡ್ರಿ."

"ಹಂಗಾದ್ರ ನಿಮಗ ದೇಶನ ಇರೂದಿಲ್ಲ. ಅಪ್ಪಣಿ ಇಲ್ಲದ ನಮ್ಮ ಜತ್ತ ತಾಲೂಕು ದಾಟಂಗಿಲ್ಲ, ಅವ್ವನ್ನ ನೋಡಾಕೂ ಹೋಗಾಕ ಬರೂದಿಲ್ಲ."

"ಆಗಲ್ರಿ," ಎಂದ ಫಾಂಗ್.

ಹವಾಲ್ದಾರ ದೇಶ ಎಂಬಲ್ಲಿ 'ಇಲ್ಲ' ಎಂದು ಬರೆದ. ಚೀನಾದಿಂದ ಕಾಗದ ಬಂದಾಗಲೆಲ್ಲ ಗಂಡ ಹೊರಟೇ ಹೋಗುತ್ತಾನೆಂದು ಹೆದರುತ್ತಿದ್ದ ಸಿದ್ದಲಿಂಗವ್ವನ ಎದೆ ಏಳು ವರ್ಷಗಳಲ್ಲಿ ಮೊದಲ ಸಲ ಹಗುರಾಯಿತು. ಹಾಗೆ ಹಗುರಾದದ್ದಕ್ಕೆ ನಾಚಿ, ಎದ್ದು ಬರುತ್ತಿದ್ದ ಗಂಡನ ಮುಖ ನೋಡಲಾರದೆ ಅವಳು ತಲೆ ತಗ್ಗಿಸಿದಳು.